ಹೊಳೆದದ್ದು ಮೊದಲು, ಮಾತು ಆಮೇಲೆ

ನಾನು ಬ್ರಾಂಚ್ ಮ್ಯಾನೇಜರ್ ಆಗಿ ಆಗಷ್ಟೇ ಮೂರು ವಾರ ಆಗಿತ್ತು. ಮಧ್ಯಾಹ್ನದ ಹೊತ್ತು, ರೆಕಾರ್ಡ್ ರೂಮಿನಲ್ಲಿ ಯಾವುದೋ ಹಳೆಯ ಸಾಲದ ಫೈಲ್ ಹುಡುಕುತ್ತಿದ್ದೆ. ಗೋಡೆಯ ಆಚೆ ಸ್ಟಾಫ್ ಊಟಕ್ಕೆ ಕೂತಿದ್ದರು. ‘ಮೇಡಂ ಒನ್ನುಂ ಪರಯುನ್ನಿಲ್ಲ’ ಅಂದರು ಒಬ್ಬರು. ಮೇಡಂ ಏನೂ ಹೇಳುವುದೇ ಇಲ್ಲ ಅಂತ. ಇನ್ನೊಬ್ಬರು ತುಳುವಿನಲ್ಲಿ ‘ಪಾತೆರುಜೆರೇ’ ಅಂತ ದನಿಗೂಡಿಸಿದರು. ಮೂರನೆಯವರು ಕನ್ನಡದಲ್ಲಿ, ‘ಮಲಯಾಳ ಸರಿ ಬರುದಿಲ್ಲ ಅಲ್ವಾ, ಅದಕ್ಕೆ’ ಅಂದರು.

ಫೈಲ್ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಅಲ್ಲೇ ನಿಂತೆ. ಅವರು ಕೈ ತೊಳೆಯಲು ಎದ್ದ ಮೇಲೆಯೇ ಹೊರಗೆ ಬಂದೆ.

ಕಾಸರಗೋಡಿನಲ್ಲಿ ಕನ್ನಡದವರು ಸುಮ್ಮನಿದ್ದರೆ ಭಾಷೆಯೇ ಕಾರಣ ಅಂದುಬಿಡುವುದು ಸುಲಭ. 1956ರ ನವೆಂಬರ್ 1ಕ್ಕೆ ನಮ್ಮ ಊರು ಕೇರಳಕ್ಕೆ ಸೇರಿತು. ಅಜ್ಜನ ಕಾಲದ ಜಾಗದ ಕಾಗದಗಳು ಮನೆಯ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಇವೆ. ನನ್ನ ಮೇಜಿಗೆ ಬರುವ ಸರ್ಕ್ಯುಲರ್‌ಗಳು ಮಲಯಾಳದಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಮೀಟಿಂಗಿನಲ್ಲಿ ಮಲಯಾಳ, ಕೌಂಟರಿಗೆ ಬರುವ ಕೆಲವರ ಜೊತೆ ಬ್ಯಾರಿ ಭಾಷೆಯ ನಾಲ್ಕು ಮಾತು. ಇಲ್ಲಿ ಬೆಳೆದ ಎಲ್ಲರೂ ಹೀಗೆಯೇ. ನನಗೂ ಮಲಯಾಳ ಬರುತ್ತದೆ, ಸ್ವಲ್ಪ ನಿಧಾನ ಅಷ್ಟೆ.

ಆದರೆ ನನ್ನ ಮೌನ ಭಾಷೆಯದ್ದಲ್ಲ ಅಂತ ನನಗೆ ಗೊತ್ತಿತ್ತು. ಪೆರ್ಲದ ಹತ್ತಿರದ ಕನ್ನಡ ಮೀಡಿಯಂ ಶಾಲೆಯಲ್ಲಿ, ಎಲ್ಲರೂ ಕನ್ನಡವನ್ನೇ ಮಾತಾಡುವ ಕ್ಲಾಸಿನಲ್ಲೂ ನಾನು ಹೀಗೇ ಇದ್ದೆ. ಕೇಳಿದ ಪ್ರಶ್ನೆಗೆ ಉತ್ತರ ತಲೆಯಲ್ಲಿ ಇರುತ್ತಿತ್ತು. ಅದು ಬಾಯಿಗೆ ಬರುವಷ್ಟರಲ್ಲಿ ಬೇರೆಯವರು ಹೇಳಿ ಆಗಿರುತ್ತಿತ್ತು.

ನನ್ನದು ಒಂದು ಸಹಕಾರಿ ಬ್ಯಾಂಕ್. ಬದಿಯಡ್ಕ ಸೀಮೆಯಲ್ಲಿ ನಮ್ಮ ಬ್ರಾಂಚ್. ಅಡಿಕೆ, ತೆಂಗು, ರಬ್ಬರಿನ ಕೃಷಿಕರು, ಪೇಟೆಯ ಸಣ್ಣ ಅಂಗಡಿಯವರು, ಬೀಡಿ ಕಟ್ಟುವ ಹೆಂಗಸರು ನಮ್ಮ ಸದಸ್ಯರು. ಕ್ಲರ್ಕ್ ಆಗಿ ಸೇರಿದೆ, ಅಕೌಂಟೆಂಟ್ ಆದೆ, 2017ರಲ್ಲಿ ಮ್ಯಾನೇಜರ್ ಕುರ್ಚಿ ಬಂತು. ಕ್ಲರ್ಕ್ ಆಗಿದ್ದಾಗ ಸುಮ್ಮನಿರುವುದು ಒಳ್ಳೆಯ ಗುಣ ಆಗಿತ್ತು. ‘ಪಾಪ, ತನ್ನ ಪಾಡಿಗೆ ಕೆಲಸ ಮಾಡ್ತಾರೆ’ ಅನ್ನುತ್ತಿದ್ದರು. ಕುರ್ಚಿ ಬದಲಾದ ಕೂಡಲೇ ಅದೇ ಗುಣಕ್ಕೆ ಬೇರೆ ಅರ್ಥ ಬಂತು.

ಹೇಗೆ ಅಂತ ಒಂದು ಘಟನೆಯಿಂದ ಗೊತ್ತಾಯಿತು. ಒಂದು ಗುರುವಾರ ಬೆಳಿಗ್ಗೆ ಕ್ಯಾಶಿನಲ್ಲಿ ಕೂರುವ ಹುಡುಗ ಬಂದು, ‘ನಾಳೆ ಮಗಳ ಶಾಲೆಯಲ್ಲಿ ಕಾರ್ಯಕ್ರಮ ಉಂಟು ಮೇಡಂ, ಅವಳು ಡ್ಯಾನ್ಸ್ ಮಾಡ್ತಾಳೆ’ ಅಂದ. ನಾನು ಆಗ ಆಡಿಟಿನವರ ಒಂದು ಪ್ರಶ್ನೆಯ ಬಗ್ಗೆ ಯೋಚಿಸುತ್ತಿದ್ದೆ. ‘ಹ್ಞೂಂ’ ಅಂದೆ, ತಲೆ ಎತ್ತಲಿಲ್ಲ. ನನ್ನ ಲೆಕ್ಕದಲ್ಲಿ ಅದು ಒಪ್ಪಿಗೆ. ಅವನು ಮರುದಿನ ಒಂಬತ್ತೂವರೆಗೆ ಕ್ಯಾಶಿನಲ್ಲಿ ಕೂತಿದ್ದ. ಯಾಕೆ ಹೋಗಲಿಲ್ಲ ಅಂತ ಕೇಳಿದೆ. ‘ನಿಮಗೆ ಸಿಟ್ಟು ಬಂದ ಹಾಗೆ ಕಂಡಿತು, ಅದಕ್ಕೆ ಬೇಡ ಅಂತ ಮಾಡಿದೆ’ ಅಂದ. ಆ ಮಗು ವೇದಿಕೆಯಿಂದ ಅಪ್ಪನನ್ನು ಹುಡುಕಿರಬಹುದು ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಮಾತು ಬೆಳ್ಳಿ, ಮೌನ ಬಂಗಾರ ಅಂತ ಚಿಕ್ಕಂದಿನಲ್ಲಿ ನನಗೆ ಎಷ್ಟೋ ಜನ ಹೇಳಿದ್ದರು. ಮೇಲಿನ ಕುರ್ಚಿಯಲ್ಲಿ ಕೂತವರ ಮೌನಕ್ಕೆ ಆ ಬೆಲೆ ಇಲ್ಲ. ಎದುರಿಗಿದ್ದವರು ಆ ಖಾಲಿ ಜಾಗದಲ್ಲಿ ತಮ್ಮ ತಮ್ಮ ಹೆದರಿಕೆಯನ್ನು ತುಂಬಿಕೊಳ್ಳುತ್ತಾರೆ. ಸಾಲ ಜಾಸ್ತಿ ಇದ್ದವರು ‘ಕೆಲಸ ಹೋಗ್ತದಾ’ ಅಂತ, ಹೊಸಬರು ‘ನಾನು ತಪ್ಪು ಮಾಡಿದ್ನಾ’ ಅಂತ. ಆ ಶುಕ್ರವಾರದಿಂದ ನಾನು ಒಂದು ಸಣ್ಣ ಮಾತು ಕಲಿತೆ. ‘ಈಗ ತಲೆ ಬೇರೆ ಕಡೆ ಉಂಟು, ಹನ್ನೊಂದು ಗಂಟೆಗೆ ಬನ್ನಿ.’ ಇಷ್ಟೇ. ಇದನ್ನು ಹೇಳಲು ಮೊದಮೊದಲು ಕಷ್ಟ ಆಗುತ್ತಿತ್ತು. ಈಗ ನಾಲ್ಕು ಭಾಷೆಯಲ್ಲೂ ತಡೆಯಿಲ್ಲದೆ ಬರುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು.

2018ರ ಜುಲೈ ಮೊದಲ ವಾರ. ಜೂನ್ ಕೊನೆಗೆ ಪಿಗ್ಮಿ ಕಾರ್ಡುಗಳು ತಾಳೆ ನೋಡಲು ಬ್ರಾಂಚಿಗೆ ಬರುತ್ತವೆ. ಪಿಗ್ಮಿ ಅಂದರೆ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1928ರಲ್ಲಿ ಉಡುಪಿಯಲ್ಲಿ ಶುರುವಾದ ಪದ್ಧತಿ ಅದು. ಕಲೆಕ್ಟರ್ ದಿನಾ ಅಂಗಡಿ ಅಂಗಡಿಗೆ ಹೋಗಿ ಐವತ್ತೋ ನೂರೋ ತೆಗೆದುಕೊಂಡು, ಕಾರ್ಡಿನಲ್ಲಿ ಬರೆದು, ಸಂಜೆ ಬ್ಯಾಂಕಿಗೆ ಕಟ್ಟುತ್ತಾರೆ. ಆಗಿನ್ನೂ ನಮ್ಮಲ್ಲಿ ಕೈಯಲ್ಲಿ ಹಿಡಿಯುವ ಮೆಷಿನ್ ಬಂದಿರಲಿಲ್ಲ. ಹಳದಿ ಬಣ್ಣದ ದಪ್ಪ ಕಾಗದದ ಕಾರ್ಡ್.

ಮೇಜಿನ ಮೇಲೆ ಇನ್ನೂರು ಕಾರ್ಡುಗಳ ಕಟ್ಟು ಇತ್ತು. ಸುಮ್ನೆ ಒಂದೊಂದೇ ತಿರುವುತ್ತಾ ಹೋದೆ. ಜೂನ್ ತಿಂಗಳ ಕಾರ್ಡ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಅಂಚು ಮೆತ್ತಗಾಗಿರುತ್ತದೆ. ಶಾಯಿ ಹರಡಿರುತ್ತದೆ. ಹೋಟೆಲಿನವರ ಕಾರ್ಡಿನಲ್ಲಿ ಎಣ್ಣೆಯ ಬೆರಳಚ್ಚು, ಮೀನಿನ ಅಂಗಡಿಯವರದ್ದಕ್ಕೆ ವಾಸನೆ. ಒಂದು ದಿನ ನೀಲಿ ಪೆನ್ನು, ಮಾರನೇ ದಿನ ಅಂಗಡಿಯವರದ್ದೇ ಕಪ್ಪು ಪೆನ್ನು. ಮಳೆ ಜೋರಿದ್ದ ದಿನ ಅಂಕಿ ಓರೆ, ಕೊಡೆ ಹಿಡಿದುಕೊಂಡು ಬರೆದದ್ದಲ್ವಾ. ಆ ಕಟ್ಟಿನಲ್ಲಿ ಏಳೆಂಟು ಕಾರ್ಡುಗಳು ಮಾತ್ರ ಗರಿಗರಿಯಾಗಿ ಇದ್ದವು. ಇಡೀ ತಿಂಗಳು ಒಂದೇ ನೀಲಿ. ಅಂಕಿಗಳು ಒಂದೇ ಕಡೆಗೆ ವಾಲಿದ್ದವು, ಒಂದೇ ಒತ್ತಿನಲ್ಲಿ.

ಕೈಗೆ ಬಂದ ಕ್ಷಣವೇ ಏನೋ ಸರಿ ಇಲ್ಲ ಅನಿಸಿತು. ಯಾಕೆ ಅಂತ ಆಗ ಹೇಳಲು ಬರುತ್ತಿರಲಿಲ್ಲ. ಈಗ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ, ಆ ದಿನ ಇದ್ದದ್ದು ಹೊಟ್ಟೆಯೊಳಗೆ ಒಂದು ಸಣ್ಣ ತಣ್ಣನೆಯ ಭಾವ ಮಾತ್ರ. ಅಕೌಂಟೆಂಟರ ಹತ್ತಿರ, ‘ಇವು ತಾಳೆ ಆಗಿದಾವಾ?’ ಅಂತ ಕೇಳಿದೆ. ಅವರು ಅಂಕಿಯ ಮನುಷ್ಯ. ಒಂದು ರೂಪಾಯಿ ಆಚೀಚೆ ಆದರೂ ಮನೆಗೆ ಹೋಗುವವರಲ್ಲ. ‘ಲೆಡ್ಜರಿಗೂ ಕಾರ್ಡಿಗೂ ಸರಿಯಾಗಿದೆಯಲ್ಲ ಮೇಡಂ’ ಅಂದರು. ನಿಜ, ಸರಿಯಾಗಿತ್ತು. ನಾನು ಸುಮ್ಮನಾದೆ.

ಸುಮ್ಮನಾದದ್ದಕ್ಕೆ ಕಾರಣಗಳು ನನ್ನ ಹತ್ತಿರ ಇದ್ದವು. ಆಧಾರ ಇಲ್ಲ. ಆ ಕಲೆಕ್ಟರ್ ನನಗಿಂತ ಹಿರಿಯರು, ಹದಿನೆಂಟು ವರ್ಷದಿಂದ ಇದ್ದವರು. ಕಾರ್ಡ್ ಚೆಂದ ಇದೆ ಅಂತ ಒಬ್ಬರನ್ನು ಅನುಮಾನಿಸುವುದು ಹೇಗೆ? ಕೇಳುವುದಾದರೂ ಯಾವ ಮಾತಿನಿಂದ ಶುರು ಮಾಡುವುದು? ರಾತ್ರಿ ಮಲಗಿದಾಗ ವಾಕ್ಯ ಜೋಡಿಸುತ್ತಿದ್ದೆ. ಬೆಳಿಗ್ಗೆ ಅವರು ನಗುತ್ತಾ ‘ನಮಸ್ಕಾರ ಮೇಡಂ’ ಅಂದಾಗ ಜೋಡಿಸಿದ್ದೆಲ್ಲ ಬಿದ್ದುಹೋಗುತ್ತಿತ್ತು.

ಸೆಪ್ಟೆಂಬರ್ ಕೊನೆಗೆ ಒಬ್ಬ ಅಂಗಡಿಯವರು ಖಾತೆ ಮುಚ್ಚಲು ಬಂದರು. ತಾವು ಕೊಟ್ಟದ್ದಕ್ಕೂ ಕಾರ್ಡಿನಲ್ಲಿ ಇದ್ದದ್ದಕ್ಕೂ ವ್ಯತ್ಯಾಸ ಇದೆ ಅಂದರು. ಅವರು ದಿನದ ಚೀಟಿ ಇಟ್ಟುಕೊಂಡಿದ್ದರು. ಆಮೇಲೆ ಎಲ್ಲ ಹೊರಗೆ ಬಂತು. ಕಲೆಕ್ಟರರ ಹೆಂಡತಿಗೆ ಮಂಗಳೂರಿನಲ್ಲಿ ದೊಡ್ಡ ಚಿಕಿತ್ಸೆ ನಡೆಯುತ್ತಿತ್ತು. ಮೊದಲು ಎರಡು ದಿನದ ಹಣ ತಡವಾಗಿ ಕಟ್ಟಿದರು, ಆಮೇಲೆ ಒಂದು ವಾರದ್ದು. ಲೆಡ್ಜರಿಗೆ ಸರಿಹೊಂದುವಂತೆ ‘ಒದ್ದೆಯಾಯ್ತು’ ಅಂತ ಹೇಳಿ ಹೊಸ ಕಾರ್ಡ್ ಬರೆದುಕೊಟ್ಟರು. ಜುಲೈಯಲ್ಲಿ ಹತ್ತು ಹದಿನೈದು ಸಾವಿರ ಇದ್ದಿರಬಹುದು. ಸೆಪ್ಟೆಂಬರಿಗೆ ಒಂದು ಲಕ್ಷ ದಾಟಿತ್ತು. ತಮ್ಮಂದಿರು ಸೇರಿ ಹಣ ಕಟ್ಟಿದರು. ಕೆಲಸ ಹೋಯಿತು.

ಬೋರ್ಡ್ ಮೀಟಿಂಗಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಲೆಕ್ಕ ತಾಳೆ ಇತ್ತಲ್ಲ, ಹಿಡಿಯುವುದು ಹೇಗೆ ಅಂದರು. ನನಗೆ ಜುಲೈಯಲ್ಲೇ ಗೊತ್ತಾಗಿತ್ತು ಅಂತ ಹೇಳಲು ಅಲ್ಲಿಯೂ ಬಾಯಿ ಬರಲಿಲ್ಲ.

ಮರುವರ್ಷ ತಿರುವನಂತಪುರದಲ್ಲಿ ಮೂರು ದಿನದ ಟ್ರೈನಿಂಗ್. ಸಂಜೆ ಕಾಸರಗೋಡಿನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ. ಎರಡನೇ ದಿನ ಒಂದು ಪ್ರಶ್ನಾವಳಿ ಕೊಟ್ಟರು. ಎಲ್ಲ ತುಂಬಿಸಿದ ಮೇಲೆ ಪ್ರತಿಯೊಬ್ಬರಿಗೂ ನಾಲ್ಕು ಅಕ್ಷರ ಬಂತು. ನನಗೆ ಬಂದದ್ದು ಐಎನ್‌ಎಫ್‌ಜೆ. ಮೈಯರ್ಸ್–ಬ್ರಿಗ್ಸ್ ಅಂತ ಆ ಪದ್ಧತಿಯ ಹೆಸರು. ಮೂಲ ಯೋಚನೆ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರದ್ದು, 1921ರಲ್ಲಿ ಅವರು ಬರೆದದ್ದು. ಅದನ್ನು ಓದಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಪ್ರಶ್ನಾವಳಿಯ ರೂಪ ಕೊಟ್ಟರು. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ, ಮನುಷ್ಯರ ಬಗ್ಗೆ ಕುತೂಹಲ ಇದ್ದ ತಾಯಿ ಮಗಳು. ಎದುರು ಬದುರು ಸ್ವಭಾವಗಳ ನಾಲ್ಕು ಜೋಡಿ, ಜೋಡಿಗೆ ಒಂದರಂತೆ ನಾಲ್ಕು ಅಕ್ಷರ, ಒಟ್ಟು ಹದಿನಾರು ಬಗೆ.

‘ಐ’ ಅಂದರೆ ಅಂತರ್ಮುಖಿ. ಹೆದರುಪುಕ್ಕಲು ಅಂತ ಅರ್ಥ ಅಲ್ಲ. ನನಗೆ ಜನರ ಹೆದರಿಕೆ ಇಲ್ಲ. ಜನರ ನಡುವೆ ಇದ್ದಷ್ಟು ಹೊತ್ತು ನನ್ನೊಳಗಿನ ದೀಪದ ಎಣ್ಣೆ ಇಳಿಯುತ್ತದೆ, ಒಬ್ಬಳೇ ಕೂತರೆ ತುಂಬುತ್ತದೆ. ಕೆಲವರಿಗೆ ಇದು ಉಲ್ಟಾ. ‘ಎನ್’ ಅಂದರೆ ಇಂಟ್ಯೂಷನ್. ‘ಐ’ ಅಕ್ಷರ ಆಗಲೇ ಖರ್ಚಾಗಿದ್ದರಿಂದ ಅದಕ್ಕೆ ‘ಎನ್’ ಕೊಟ್ಟಿದ್ದಾರೆ. ಅದನ್ನು ನಾನು ಹೊಳಹು ಅಂತ ಕರೆಯುತ್ತೇನೆ. ಕಣ್ಣಿಗೆ ಕಾಣುವ ಒಂದೊಂದೇ ವಿವರಕ್ಕಿಂತ ಅವುಗಳ ಹಿಂದಿರುವ ಒಟ್ಟು ಚಿತ್ರ ಮೊದಲು ತಲೆಗೆ ಬರುವುದು. ನಮ್ಮ ಅಕೌಂಟೆಂಟರು ಅದರ ಎದುರು ಬಗೆ. ಅವರಿಗೆ ವಿವರವೇ ಸತ್ಯ.

ಹಾಲಿನಲ್ಲಿ ನಲವತ್ತು ಮ್ಯಾನೇಜರುಗಳಿದ್ದೆವು. ನನ್ನ ಅಕ್ಷರ ಕೇಳಿ ಪಕ್ಕದವರು, ‘ಇದು ಟೀಚರಿಗೆ, ಕೌನ್ಸೆಲರಿಗೆ ಆಗುವ ಟೈಪ್, ಮ್ಯಾನೇಜ್‌ಮೆಂಟಿಗಲ್ಲ’ ಅಂದರು. ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ರಾಜೀನಾಮೆ ಕೊಡುವ ಯೋಚನೆಯೂ ಬಂತು.

ಊರಿಗೆ ಬಂದ ಮೇಲೆ ಅದರ ಬಗ್ಗೆ ಓದುತ್ತಾ ಹೋದೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರಿಗೆ ಬೇರೆಯೇ ಅಕ್ಷರ ಬರುತ್ತದಂತೆ. ನನಗೂ ಕೊನೆಯ ‘ಜೆ’ ಹೋಗಿ ‘ಪಿ’ ಬಂತು. ಮನುಷ್ಯರನ್ನು ಹೀಗೆ ಎರಡೇ ಡಬ್ಬಿಗೆ ಹಾಕುವುದು ತಪ್ಪು, ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ ಅಂತ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಕೆಲಸಕ್ಕೆ ಆರಿಸಲು ಇದನ್ನು ಬಳಸಬಾರದು ಅಂತ ಆ ಪ್ರಶ್ನಾವಳಿಯನ್ನು ನಡೆಸುವವರೇ ಹೇಳುತ್ತಾರೆ. ಹಾಗಾಗಿ ಅಕ್ಷರಗಳನ್ನು ಜಾತಕದ ಹಾಗೆ ನಂಬುವುದನ್ನು ಬಿಟ್ಟೆ. ಆದರೆ ‘ಐ’ ಮತ್ತು ‘ಎನ್’ ಎರಡು ಮಾತ್ರ ಬಿಡಲಾಗಲಿಲ್ಲ. ಎರಡೂ ಸೇರಿದರೆ ಏನಾಗುತ್ತದೆ ಅಂತ ನಾನು ಆ ಹಳದಿ ಕಾರ್ಡಿನಲ್ಲಿ ನೋಡಿದ್ದೆ. ಹೊಳೆಯುವುದು ಎಲ್ಲರಿಗಿಂತ ಮೊದಲು, ಬಾಯಿಗೆ ಬರುವುದು ಎಲ್ಲರಿಗಿಂತ ಕೊನೆಗೆ. ಆ ನಡುವಿನ ಸುಮಾರು ಮೂರು ತಿಂಗಳಲ್ಲಿ ಒಬ್ಬರ ಕೆಲಸ ಹೋಗಿತ್ತು.

ಆ ಅಂತರವನ್ನು ಕಮ್ಮಿ ಮಾಡುವುದು ಹೇಗೆ ಅನ್ನುವುದೇ ನನ್ನ ಕೆಲಸ ಆಯಿತು.

ಒಂದು ಲಾಂಗ್ ನೋಟ್ ಪುಸ್ತಕ ತಂದೆ. ಎಡಗಡೆ ಪುಟದಲ್ಲಿ ತಾರೀಕು ಹಾಕಿ, ಏನು ಅನಿಸಿತು ಅಂತ ಬರೆಯುವುದು. ಎರಡೇ ಸಾಲು. ಬಲಗಡೆ ಪುಟ ಖಾಲಿ. ಮೂರು ದಿನದೊಳಗೆ ಅದನ್ನು ಯಾರ ಹತ್ತಿರವಾದರೂ ಕೇಳಬೇಕು, ಇಲ್ಲವೇ ಕಾಗದದಲ್ಲಿ ಪರಿಶೀಲಿಸಬೇಕು. ಏನಾಯಿತು ಅಂತ ಬಲಗಡೆ ಬರೆಯಬೇಕು. ಬ್ಯಾಂಕಿನವಳಿಗೆ ಎರಡು ಬದಿಯ ಲೆಕ್ಕ ಹೊಸತಲ್ಲ.

ಅಕೌಂಟೆಂಟರಿಗೆ ಎಲ್ಲ ಹೇಳಿದೆ, ಜುಲೈಯ ವಿಷಯವನ್ನೂ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿಮಗೆ ಅನಿಸಿದ್ದನ್ನು ನನಗೆ ಹೇಳಿ, ಎಲ್ಲಿ ನೋಡಬೇಕು ಅಂತ ನಾನು ಹುಡುಕ್ತೇನೆ’ ಅಂದರು. ಅಲ್ಲಿಂದ ಶುರುವಾದದ್ದು ಈಗಲೂ ನಡೆಯುತ್ತಿದೆ. ಒಂದು ಚಿನ್ನದ ಸಾಲದ ಖಾತೆಯಲ್ಲಿ ಏನೋ ಇದೆ ಅಂದೆ. ಒಂದೇ ಮನೆಯ ಮೂವರ ಹೆಸರಿನಲ್ಲಿ, ಒಂದೇ ತೂಕದ ಬಳೆಗಳು ಬೇರೆ ಬೇರೆ ವಾರ ಬಂದದ್ದನ್ನು ಅವರು ಹುಡುಕಿ ತೆಗೆದರು. ಮತ್ತೆ ಒರೆಗಲ್ಲಿಗೆ ಹಾಕಿಸಿದೆವು. ಚಿನ್ನ ಅಸಲಿಯೇ ಆಗಿತ್ತು. ಮನೆ ಕಟ್ಟುವ ಖರ್ಚು ಬಂದ ಹಾಗೆಲ್ಲ ಇಟ್ಟದ್ದು. ಬಲಪುಟದಲ್ಲಿ ‘ತಪ್ಪು’ ಅಂತ ಬರೆದೆ. ಯಾರಿಗೂ ನೋವಾಗಲಿಲ್ಲ. ಆರೋಪ ಮಾಡುವುದಕ್ಕೂ ಮತ್ತೊಮ್ಮೆ ನೋಡುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನನಗೆ ಆ ದಿನ ತಿಳಿಯಿತು. ಜುಲೈಯಲ್ಲಿ ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಒಂದು ವರ್ಷ ಕಳೆದ ಮೇಲೆ ಪುಸ್ತಕ ಕೂತು ಓದಿದೆ. ಲೆಕ್ಕ, ಕಾಗದ, ಕ್ಯಾಶ್ ಇದರಲ್ಲಿ ನನಗೆ ಅನಿಸಿದ್ದು ಹೆಚ್ಚಾಗಿ ಸರಿ ಇತ್ತು. ಯಾವ ಹೊಸ ಯೋಜನೆಗೆ ಜನ ಬರುತ್ತಾರೆ, ಅಡಿಕೆ ರೇಟ್ ಏರುತ್ತದಾ ಇಳಿಯುತ್ತದಾ ಅನ್ನುವುದರಲ್ಲಿ ಹೆಚ್ಚಾಗಿ ತಪ್ಪು. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2009ರಲ್ಲಿ ಸೇರಿ ಬರೆದ ಒಂದು ಲೇಖನದ ಬಗ್ಗೆ ಆಮೇಲೆ ಓದಿದೆ. ಒಬ್ಬರು ಹೊಳಹನ್ನು ನಂಬದವರು, ಇನ್ನೊಬ್ಬರು ಬೆಂಕಿ ಆರಿಸುವವರ ಜೊತೆ ಇದ್ದು ಅವರ ಹೊಳಹನ್ನು ಕಂಡು ಮೆಚ್ಚಿದವರು. ಇಬ್ಬರೂ ಒಪ್ಪಿದ ಮಾತು ಏನೆಂದರೆ, ಹೊಳಹು ನಂಬಲು ಎರಡು ವಿಷಯ ಬೇಕು. ಆ ಕ್ಷೇತ್ರದಲ್ಲಿ ಒಂದು ಕ್ರಮ ಇರಬೇಕು. ಸರಿಯೋ ತಪ್ಪೋ ಅಂತ ಗೊತ್ತಾಗುತ್ತಾ ಅದರಲ್ಲಿ ತುಂಬಾ ಕಾಲ ಪಳಗಿರಬೇಕು. ಒಳಗೆ ಎಷ್ಟು ಗಟ್ಟಿಯಾಗಿ ಅನಿಸಿದರೂ ಅದು ಸರಿ ಅನ್ನುವುದಕ್ಕೆ ಸಾಕ್ಷಿ ಅಲ್ಲ. ನನ್ನ ಎರಡು ಪುಟಗಳು ಇದನ್ನೇ ಹೇಳುತ್ತಿದ್ದವು. ಎಂಟು ವರ್ಷ ಕೌಂಟರಿನಲ್ಲಿ ಕೂತು ಕಾರ್ಡ್ ಮುಟ್ಟಿದ್ದೇನೆ. ಅಡಿಕೆ ಮಾರುಕಟ್ಟೆ ನನಗೆ ಏನು ಗೊತ್ತು?

ಮನುಷ್ಯರ ವಿಷಯದಲ್ಲಿ ನನ್ನ ಅನಿಸಿಕೆ ಅರ್ಧ ಸರಿ, ಅರ್ಧ ತಪ್ಪು. ತಪ್ಪಿದ್ದರಲ್ಲಿ ಒಂದು ಬಹಳ ಕಾಡಿತು. ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಕೇಳಿ ಒಬ್ಬ ಯುವಕ ಬಂದಿದ್ದ. ಪಟಪಟ ಮಾತು. ಮೂರು ಭಾಷೆಯಲ್ಲಿ ಮೂವರನ್ನು ನಗಿಸಿದ. ನನಗೆ ಯಾಕೋ ನಂಬಿಕೆ ಬರಲಿಲ್ಲ. ಕಾಗದ ಬೇಕು, ಇನ್ನೊಂದು ಜಾಮೀನು ಬೇಕು ಅಂತ ಎಳೆದೆ. ಅವನು ಬೇರೆ ಕಡೆ ಸಾಲ ತೆಗೆದ. ಎರಡು ವರ್ಷದಲ್ಲಿ ತೀರಿಸಿಯೂ ಆಯಿತು, ಈಗ ಅವನ ಹತ್ತಿರ ಮೂರು ಯಂತ್ರ ಇದೆ. ನನಗೆ ಹೊಳೆದದ್ದು ಏನೂ ಇರಲಿಲ್ಲ ಅಲ್ಲಿ. ಸಲೀಸಾಗಿ ಮಾತಾಡುವವರ ಬಗ್ಗೆ ಮೊದಲಿನಿಂದಲೂ ನನಗಿರುವ ಸಣ್ಣ ಅಸಮಾಧಾನ ಅದು, ಹೊಳಹಿನ ವೇಷ ಹಾಕಿ ಬಂದಿತ್ತು. ಈಗ ಎಡಪುಟದಲ್ಲಿ ಯಾರ ಬಗ್ಗೆ ಬರೆದರೂ ಕೆಳಗೆ ಒಂದು ಪ್ರಶ್ನೆ ಹಾಕುತ್ತೇನೆ, ‘ಇವರು ಜಾಸ್ತಿ ಮಾತಾಡ್ತಾರಾ?’

ಮೌನ ನನಗೆ ಸಹಾಯಕ್ಕೆ ಬಂದ ಕಡೆಯೂ ಇದೆ. ಅದು ಸಾಲ ವಸೂಲಿಯಲ್ಲಿ. ಮಾರ್ಚ್ ಬಂತೆಂದರೆ ಬಾಕಿ ಇರುವವರ ಮನೆಗೆ ಹೋಗಬೇಕು. ನನಗೆ ಇದೇ ದೊಡ್ಡ ಭಯ ಆಗಿತ್ತು. ಹಿಂದಿನ ಮ್ಯಾನೇಜರರು ಜೀಪಿನಿಂದ ಇಳಿಯುವಾಗಲೇ ಮಾತು ಶುರು ಮಾಡುತ್ತಿದ್ದರು. ನನಗೆ ಅದು ಬರುವುದಿಲ್ಲ.

ಎಣ್ಮಕಜೆ ಕಡೆಯ ಒಂದು ಮನೆ. ಗುಡ್ಡದ ಬುಡದಲ್ಲಿ ತೋಟ. ಹಿಂದಿನ ಮಳೆಗಾಲ ಕೊಳೆರೋಗ ಬಂದು ಅರ್ಧ ಫಸಲು ಉದುರಿತ್ತು. ಯಜಮಾನರು ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಬೆಂಚಿನಲ್ಲಿ ಕೂತೆ. ಬೆಲ್ಲ ನೀರು ಕೊಟ್ಟರು, ಕುಡಿದೆ. ‘ಬಾಕಿ ವಿಷಯ ಮಾತಾಡುವ ಅಂತ ಬಂದೆ’ ಅಂದೆ. ಅಷ್ಟೇ, ಮತ್ತೆ ಸುಮ್ಮನಾದೆ. ಅವರೂ ಸುಮ್ಮನಿದ್ದರು. ನನಗೆ ಆ ಸುಮ್ಮನೆ ಭಾರ ಅನಿಸಲಿಲ್ಲ. ಬಾವಿಯ ರಾಟೆ ಶಬ್ದ ಕೇಳುತ್ತಿತ್ತು. ಸುಮಾರು ಐದು ನಿಮಿಷ ಆದ ಮೇಲೆ ಅವರಾಗಿ ಮಾತಾಡಿದರು. ಬೋರ್ಡೋ ದ್ರಾವಣ ಎರಡನೇ ಸಲ ಹೊಡೆಯಲು ಆಗಲಿಲ್ಲ, ಮರ ಹತ್ತುವ ಜನ ಸಿಗಲಿಲ್ಲ. ಮಗ ದುಬೈಯಿಂದ ಕಳಿಸುವುದು ನಿಂತಿದೆ. ಹೆಂಡತಿಗೆ ಇದು ಗೊತ್ತಿಲ್ಲ. ಒಳಗೆ ಹೋಗಿ ಒಂದು ಹಳೆಯ ಡೈರಿ ತಂದು ಲೆಕ್ಕ ತೋರಿಸಿದರು. ಒಟ್ಟಿಗೆ ಕೂತು ಕಂತು ಮರುಜೋಡಿಸುವ ಅರ್ಜಿ ಬರೆದೆವು. ಮೇ ತಿಂಗಳಲ್ಲಿ ಮೊದಲ ಕಂತು ಬಂತು.

ನನ್ನ ಜೊತೆ ಬಂದ ಕ್ಲರ್ಕ್ ವಾಪಸ್ ಬರುವಾಗ, ‘ಮೇಡಂ, ನೀವು ಏನೂ ಕೇಳಲೇ ಇಲ್ಲ, ಅವರು ಎಲ್ಲ ಹೇಳಿದರು’ ಅಂದಳು. ಕಷ್ಟದಲ್ಲಿರುವ ಮನುಷ್ಯನ ಮುಂದೆ ಸುಮ್ಮನೆ ಕೂತರೆ ಅವನು ಮಾತಾಡಿಯೇ ಮಾತಾಡುತ್ತಾನೆ. ಅವಸರ ಮಾಡಬಾರದು ಅಷ್ಟೆ. ಇದು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟದ್ದಲ್ಲ.

ಸೋಮವಾರದ ಮೀಟಿಂಗ್ ಮಾತ್ರ ವರ್ಷಗಟ್ಟಲೆ ನನ್ನನ್ನು ಸೋಲಿಸಿತು. ಎಂಟು ಜನ ಒಟ್ಟಿಗೆ ಮಾತಾಡುವಾಗ ನನಗೆ ಯೋಚನೆಯೇ ನಿಂತುಹೋಗುತ್ತದೆ. ಅದಕ್ಕೆ ದಾರಿ ಸಿಕ್ಕಿದ್ದು 2020ರಲ್ಲಿ, ಬಹಳ ಕೆಟ್ಟ ಕಾಲದಲ್ಲಿ. ಕೊರೊನಾ ಬಂದು ಮಾರ್ಚ್ ಕೊನೆಗೆ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿತು. ರಸ್ತೆಗೆ ಮಣ್ಣು ಸುರಿದರು. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ಸುಮಾರು ಐವತ್ತು ಕಿಲೋಮೀಟರ್. ಡಯಾಲಿಸಿಸ್‌ಗೆ ಹೋಗುವವರು, ಹೆರಿಗೆಯ ದಿನ ಹತ್ತಿರ ಬಂದವರು ಎಲ್ಲರೂ ಈಚೆ ಉಳಿದರು. ಗಡಿಯಲ್ಲಿ ಆಂಬುಲೆನ್ಸ್ ತಡೆದು ಜೀವ ಹೋದದ್ದೂ ಉಂಟು. ಬ್ಯಾಂಕಿಗೆ ಅರ್ಧ ಸ್ಟಾಫ್, ಕಮ್ಮಿ ಹೊತ್ತು. ಮೀಟಿಂಗ್ ಮಾಡುವ ಹಾಗಿಲ್ಲ. ನಾನು ಸಂಜೆ ಆರು ಗಂಟೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದೆ. ಒಬ್ಬರಿಗೆ ಹತ್ತು ನಿಮಿಷ.

ಒಬ್ಬರ ಜೊತೆ ಒಬ್ಬಳೇ ಮಾತಾಡುವಾಗ ನನಗೆ ಭಾಷೆಯೂ ತಡೆಯುವುದಿಲ್ಲ, ಯೋಚನೆಯೂ ನಿಲ್ಲುವುದಿಲ್ಲ. ಮೂರು ವರ್ಷದಲ್ಲಿ ಗೊತ್ತಾಗದ್ದು ಆ ಎರಡು ತಿಂಗಳಲ್ಲಿ ಗೊತ್ತಾಯಿತು. ಯಾರಿಗೆ ಕಂಪ್ಯೂಟರ್ ಕಂಡರೆ ಹೆದರಿಕೆ, ಯಾರ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಸಾಲದ ವಿಭಾಗಕ್ಕೆ ಹೋಗುವ ಆಸೆ. ಗಡಿ ತೆರೆದ ಮೇಲೂ ಅದನ್ನು ಬಿಡಲಿಲ್ಲ. ಈಗ ಸೋಮವಾರದ ಮೀಟಿಂಗ್ ಹದಿನೈದು ನಿಮಿಷ. ವಿಷಯಗಳನ್ನು ಶನಿವಾರವೇ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಬೋರ್ಡಿಗೆ ಅಂಟಿಸುತ್ತೇನೆ. ಮಿಕ್ಕಿದ್ದು ವಾರದುದ್ದಕ್ಕೂ ಒಬ್ಬೊಬ್ಬರ ಜೊತೆ.

ಅಮೆರಿಕದಲ್ಲಿ ಪಿಜ್ಜಾ ಅಂಗಡಿಗಳ ಮ್ಯಾನೇಜರುಗಳ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಬಂದಿತ್ತು, ಆಡಮ್ ಗ್ರಾಂಟ್ ಮತ್ತು ಜೊತೆಯವರದ್ದು. ಕೆಲಸಗಾರರು ತಾವಾಗಿ ಮುಂದೆ ಬಂದು ಸಲಹೆ ಕೊಡುವ ಅಂಗಡಿಗಳಲ್ಲಿ ಮಾತು ಕಮ್ಮಿಯ ಮ್ಯಾನೇಜರುಗಳಿಗೆ ಲಾಭ ಜಾಸ್ತಿ. ಹೇಳಿದ್ದನ್ನಷ್ಟೇ ಮಾಡುವವರಿರುವ ಕಡೆ ಮಾತುಗಾರ ಮ್ಯಾನೇಜರುಗಳಿಗೆ ಜಾಸ್ತಿ. ಇದನ್ನು ಓದಿ ನನಗೆ ಸಮಾಧಾನಕ್ಕಿಂತ ಜವಾಬ್ದಾರಿ ಜಾಸ್ತಿ ಅನಿಸಿತು. ನನ್ನ ಬಗೆಯವರು ಬ್ರಾಂಚ್ ನಡೆಸಬೇಕಾದರೆ ಜನ ತಾವಾಗಿ ಬಾಯಿ ಬಿಡುವಂತಿರಬೇಕು. ಅವರು ಬಾಯಿ ಬಿಡಬೇಕಾದರೆ ನನ್ನ ‘ಹ್ಞೂಂ’ ಏನು ಅಂತ ಅವರಿಗೆ ಅರ್ಥ ಆಗಬೇಕು.

ಈಗಲೂ ಕಷ್ಟ ಇದೆ. ಠೇವಣಿ ಸಂಗ್ರಹದ ತಿಂಗಳಲ್ಲಿ ದಿನಕ್ಕೆ ಇಪ್ಪತ್ತು ಮನೆ, ಸಂಜೆ ಸಭೆ, ಡೈರೆಕ್ಟರುಗಳ ಫೋನ್. ಮನೆಗೆ ಬರುವಾಗ ಒಳಗೆ ಏನೂ ಉಳಿದಿರುವುದಿಲ್ಲ. ಅಂಗಳಕ್ಕೆ ಬರುವ ಮೊದಲು ಹಲಸಿನ ಮರದಡಿ ಕಾರು ನಿಲ್ಲಿಸಿ ಹತ್ತು ನಿಮಿಷ ಕೂರುತ್ತೇನೆ. ಮನೆಯವರಿಗೆ ಗೊತ್ತು, ಆ ಹತ್ತು ನಿಮಿಷ ಯಾರೂ ಕರೆಯುವುದಿಲ್ಲ. ಮೊದಲು ಈ ಹೊತ್ತನ್ನು ಕದ್ದು ಅನುಭವಿಸುತ್ತಿದ್ದೆ. ಈಗ ಕೆಲಸದ ಒಂದು ಭಾಗ ಅಂತಲೇ ಲೆಕ್ಕ ಹಾಕುತ್ತೇನೆ.

ಆ ಪಿಗ್ಮಿ ಕಲೆಕ್ಟರ್ ಕುಂಬಳೆ ದಾರಿಯಲ್ಲಿ ಈಗ ಸಣ್ಣ ಚಾದಂಗಡಿ ಇಟ್ಟುಕೊಂಡಿದ್ದಾರೆ. ಹೆಂಡತಿ ಚೇತರಿಸಿಕೊಂಡಿದ್ದಾರೆ, ದೋಸೆ ಅವರೇ ಮಾಡುವುದು. ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೆ, ನಿಲ್ಲಿಸಿರಲಿಲ್ಲ. ಹೋದ ವರ್ಷ ಜುಲೈಯಲ್ಲಿ ನಿಲ್ಲಿಸಿದೆ. ಜೋರು ಮಳೆ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಚಾ ಕೊಟ್ಟರು. ಅರ್ಧ ಕುಡಿದು ಹೇಳಿದೆ, ‘ಆ ವರ್ಷ ಜುಲೈಯಲ್ಲೇ ನನಗೆ ಅನಿಸಿತ್ತು. ಕಾರ್ಡ್ ನೋಡಿ. ನಾನು ಕೇಳಲಿಲ್ಲ.’

ಅವರು ಗ್ಲಾಸ್ ತೊಳೆಯುತ್ತಿದ್ದರು. ತೊಳೆದು, ಬಟ್ಟೆಯಲ್ಲಿ ಒರೆಸಿ, ಕವುಚಿ ಇಟ್ಟರು.

‘ಕೇಳಿದ್ದರೆ ಹೇಳ್ತಿದ್ದೆ ಮೇಡಂ’ ಅಂದರು. ‘ಯಾರಾದರೂ ಕೇಳಲಿ ಅಂತಲೇ ಇದ್ದೆ ನಾನು.’

ಮಳೆ ಬಿಡುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.